ಪಕ್ಕದ ಹಳಿ

ಮನುಷ್ಯನ ತಾಳ್ಮೆಯನ್ನು ಪರೀಕ್ಷಿಸಬೇಕಾದರೆ ಅವನನ್ನು ಹಿಮಾಲಯದ ಗುಹೆಗೆ ಕಳುಹಿಸಬೇಕಾಗಿಲ್ಲ. ಕೈಗೊಂದು ಸೀಸನ್ ಟಿಕೆಟು ಕೊಟ್ಟು, ಮಂಡ್ಯದಿಂದ ಬೆಂಗಳೂರಿಗೆ ಲೋಕಲ್ ಗಾಡಿಯಲ್ಲಿ ಮೂರು ತಿಂಗಳು ಓಡಾಡಿಸಿದರೆ ಸಾಕು. ಕಾಮಕ್ರೋಧಾದಿಗಳು ತಾವಾಗಿಯೇ ಅಡಗುತ್ತವೆ. ಉಳಿಯುವುದು ಹೊತ್ತಿನ ಚಿಂತೆಯೊಂದೇ.

ಈ ತಪಸ್ಸನ್ನು ಹದಿನೆಂಟು ವರ್ಷಗಳಿಂದ ಬಿಡದೆ ನಡೆಸಿಕೊಂಡು ಬಂದಿರುವ ಗೃಹಸ್ಥರೊಬ್ಬರು ಮಂಡ್ಯದಲ್ಲಿದ್ದಾರೆ. ಬೆಂಗಳೂರಿನ ಒಂದು ಕಛೇರಿಯಲ್ಲಿ ಗುಮಾಸ್ತರು. ಬೆಂಗಳೂರಿನಲ್ಲಿಯೇ ಮನೆ ಮಾಡಬಾರದೇ ಎಂದು ಕೇಳುವವರಿಗೆ ಅವರು ಮುಗುಳ್ನಗೆಯ ಉತ್ತರ ಕೊಡುತ್ತಾರೆ. ಅಲ್ಲಿನ ಬಾಡಿಗೆಗೂ ಮುಂಗಡಕ್ಕೂ ಗುಮಾಸ್ತರ ಸಂಬಳಕ್ಕೂ ಹೊಂದಿಕೆಯಾಗುವುದು ಕಷ್ಟ. ತಂದೆ ಕಟ್ಟಿಸಿದ ಮನೆಯನ್ನು ಬಿಟ್ಟು ಬರಲು ವೃದ್ಧೆಯಾದ ತಾಯಿ ಒಪ್ಪುವುದಿಲ್ಲ. ಬಸ್ಸಿನಲ್ಲಿ ದಿನವೂ ಹೋಗಿ ಬರುವುದಾದರೆ ತಿಂಗಳ ಕೊನೆಯಲ್ಲಿ ಮನೆಗೆ ಬರುವುದು ಸಂಬಳವಲ್ಲ, ಬಸ್ಸಿನ ಚೀಟಿಗಳು. ಹೀಗಾಗಿ ರೈಲೇ ಗತಿ. ಬೆಳಿಗ್ಗೆ ಚಹ, ಬುತ್ತಿ, ಛತ್ರಿ, ಪತ್ರಿಕೆ. ಸಂಜೆ ಬರಿದಾದ ಬುತ್ತಿ, ಮಡಿಸಿದ ಪತ್ರಿಕೆ, ಕೆಂಪಾದ ಕಣ್ಣು. ನಡುವೆ ತೊಂಬತ್ತಕ್ಕೂ ಹೆಚ್ಚು ಕಿಲೋಮೀಟರುಗಳ ಹಾದಿ.

ಹಾದಿಯೇನೋ ಸೊಗಸಾದುದೇ. ಕಬ್ಬಿನ ಗದ್ದೆಗಳು ಕಣ್ಮರೆಯಾಗುತ್ತಿರುವಾಗ ಮದ್ದೂರು ಬರುತ್ತದೆ, ಬಿಸಿ ವಡೆಯ ವಾಸನೆ ಬರುತ್ತದೆ. ತೆಂಗಿನ ತೋಟ, ಹಿಪ್ಪುನೇರಳೆಯ ಹೊಲ, ಚನ್ನಪಟ್ಟಣ, ರಾಮನಗರದ ಬಂಡೆಗಳು, ಬಿಡದಿ, ಕೆಂಗೇರಿ. ಗಾಡಿಯೊಳಗೆ ರೇಷ್ಮೆಗೂಡಿನ ವ್ಯಾಪಾರಿ, ಹೂವಿನ ಬುಟ್ಟಿಯವಳು, ಕಾಲೇಜಿನ ಹುಡುಗರು, ಆಸ್ಪತ್ರೆಗೆ ಹೊರಟ ಮುದುಕರು, ಮಡಿಲಲ್ಲಿ ಕೈಪೆಟ್ಟಿಗೆಯಿಟ್ಟು ಅದರ ಮೇಲೆ ಇಸ್ಪೀಟು ಹಾಕುವ ನಾಲ್ಕು ಮಂದಿ. ವರ್ಷಗಟ್ಟಲೆ ಹೀಗೆ ಕೂಡಿ ಪಯಣಿಸುವವರಲ್ಲಿ ಒಂದು ನಂಟು ಬೆಳೆದುಬಿಡುತ್ತದೆ. ಒಬ್ಬರ ಮಗಳ ಮದುವೆಯ ಮಾತುಕತೆ ಹನಕೆರೆಯಲ್ಲಿ ಆರಂಭವಾಗಿ ಹೆಜ್ಜಾಲದ ಹೊತ್ತಿಗೆ ಮುಹೂರ್ತದವರೆಗೆ ಬಂದ ಉದಾಹರಣೆಯೂ ಉಂಟು.

ಈ ಹಾದಿಗೆ ದೊಡ್ಡ ಚರಿತ್ರೆಯೇ ಇದೆ. ಮಹಾಕ್ಷಾಮದ ದಿನಗಳಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಈ ಮಾರ್ಗ 1882ರ ಹೊತ್ತಿಗೆ ಮೈಸೂರನ್ನು ಮುಟ್ಟಿತು. ನೂರು ವರ್ಷಕ್ಕೂ ಮಿಕ್ಕಿ ಮೀಟರ್ ಗೇಜಿನ ಮೇಲೆ ಓಡಾಡಿದ ಗಾಡಿ 1990ರ ದಶಕದಲ್ಲಿ ಬ್ರಾಡ್ ಗೇಜಿಗೆ ಏರಿತು. ಆಮೇಲೆ ಜೋಡಿಹಳಿಯ ಕೆಲಸ. ಅದು ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪುವಿನ ಕಾಲದ ಮದ್ದಿನಮನೆಯ ಮುಂದೆ ವರ್ಷಗಟ್ಟಲೆ ಕೈಕಟ್ಟಿ ನಿಂತಿತು. ಒಡೆಯುವಂತಿಲ್ಲ, ದಾಟುವಂತಿಲ್ಲ. ಕಡೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇದ್ದಂತೆಯೇ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಅದೇ ಸುಮಾರಿಗೆ ಹಾದಿಯುದ್ದಕ್ಕೂ ವಿದ್ಯುತ್ ಕಂಬಗಳೆದ್ದವು. ಹೊಗೆ ಕಾರುವ ಎಂಜಿನಿನ ಕಾಲ ಮುಗಿಯಿತು.

ಮದ್ದಿನಮನೆ ಸರಿಯುವ ಸುದ್ದಿ ಬಂದಾಗ ಗುಮಾಸ್ತರು ಒಂದು ಭಾನುವಾರ ಸಂಸಾರಸಮೇತ ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. ನಾಲ್ಕು ವರ್ಷದ ಮಗಳು ಹೆಗಲ ಮೇಲೆ ಕುಳಿತು, ಉಕ್ಕಿನ ತೊಲೆಗಳ ಮೇಲೆ ಕುಳಿತಿದ್ದ ಕಟ್ಟಡವನ್ನು ಬೆರಗಿನಿಂದ ನೋಡಿದಳು.

“ಇದನ್ನು ಯಾಕಪ್ಪಾ ಪಕ್ಕಕ್ಕೆ ತಳ್ತಾರೆ?”

“ಎರಡನೇ ಹಳಿ ಹಾಕೋದಕ್ಕೆ ಕಣಮ್ಮ.”

“ಹಾಕಿದ ಮೇಲೆ ನೀನು ಬೇಗ ಬರ್ತೀಯಾ?”

“ಬರ್ತೀನಿ. ದೀಪ ಹಚ್ಚೋ ಹೊತ್ತಿಗೆ ಮನೇಲಿರ್ತೀನಿ.”

ತಂದೆ ಸುಳ್ಳು ಹೇಳಲಿಲ್ಲ. ಆ ದಿನ ಅವರು ನಂಬಿದ್ದುದೂ ಅದನ್ನೇ. ಒಂದೇ ಹಳಿಯ ಕಾಲದಲ್ಲಿ ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ ನಿಲ್ಲಬೇಕಾಗಿತ್ತು. ಅದಕ್ಕೆ ಕ್ರಾಸಿಂಗ್ ಎಂದು ಹೆಸರು. ಹೋಗುವುದಕ್ಕೊಂದು, ಬರುವುದಕ್ಕೊಂದು ಹಳಿಯಾದ ಮೇಲೆ ಆ ಕಾಯುವಿಕೆ ತಪ್ಪಲೇಬೇಕಲ್ಲವೇ? ತಪ್ಪಿತು ಕೂಡ. ಕೆಲವು ದಿನ ಗಾಡಿಯಲ್ಲಿ ಹಬ್ಬದ ವಾತಾವರಣವಿತ್ತು.

ಆದರೆ ಹಳಿ ಎರಡಾದಂತೆ ಅದರ ಮೇಲಿನ ಗಾಡಿಗಳೂ ಹೆಚ್ಚಿದವು. ಎಲ್ಲ ನಿಲ್ದಾಣಗಳಲ್ಲಿ ನಿಂತು ಸಾಗುವ ಲೋಕಲಿನ ಬೆನ್ನ ಹಿಂದೆ, ಎಲ್ಲಿಯೂ ನಿಲ್ಲಲೊಲ್ಲದ ವೇಗದ ಗಾಡಿ ಬರುತ್ತದೆ. ಒಂದೇ ಹಳಿಯ ಮೇಲೆ ಹಿಂದಿನದು ಮುಂದಿನದನ್ನು ಹಾರಿಕೊಂಡು ಹೋಗಲಾರದು. ಆದುದರಿಂದ ಯಾವುದಾದರೂ ಸಣ್ಣ ನಿಲ್ದಾಣದಲ್ಲಿ ಲೋಕಲನ್ನು ಪಕ್ಕದ ಹಳಿಗೆ ಸರಿಸಿ ನಿಲ್ಲಿಸುತ್ತಾರೆ. ದೊಡ್ಡ ಗಾಡಿ ಧೂಳೆಬ್ಬಿಸಿ ಹೋಗಿ, ಮುಂದಿನ ನಿಲ್ದಾಣದಿಂದ ದಾರಿ ಬಿಟ್ಟಿತೆಂಬ ಸೂಚನೆ ಬಂದ ಮೇಲೆಯೇ ಇದಕ್ಕೆ ಹಸಿರು ದೀಪ. ಒಂದರ ಹಿಂದೆ ಇನ್ನೊಂದು ಇದ್ದರೆ ಮತ್ತೂ ಕಾಯಬೇಕು. ಬೆಂಗಳೂರು ಸಮೀಪಿಸಿದ ಮೇಲೆ ಪ್ಲಾಟ್‌ಫಾರಂ ತೆರವಾಗಿಲ್ಲವೆಂದು ನಿಲ್ದಾಣದ ಹೊರಗಿನ ಸಿಗ್ನಲಿನಲ್ಲಿ ಮತ್ತೊಂದು ವಿಶ್ರಾಂತಿ.

ಮದ್ದೂರಿನಲ್ಲಿ ಹತ್ತುವ ಗಣಿತದ ಮೇಷ್ಟರು ಇದನ್ನೆಲ್ಲ ಒಂದು ಮಾತಿನಲ್ಲಿ ಹೇಳಿದರು: “ಮುಂಚೆ ಎದುರುಗಡೆ ಗಾಡಿಗೆ ಕಾಯ್ತಿದ್ವಿ ಸ್ವಾಮಿ, ಈಗ ಹಿಂದುಗಡೆ ಗಾಡಿಗೆ ಕಾಯ್ತೀವಿ. ಪ್ರಗತಿ ಆಗಿಲ್ಲ ಅನ್ನೋದು ಹೇಗೆ?”

ಗಾಡಿಯೆಲ್ಲ ನಕ್ಕಿತು. ನಗು ಮುಗಿದ ಮೇಲೆ ಪ್ರತಿಯೊಬ್ಬರೂ ಗಡಿಯಾರ ನೋಡಿಕೊಂಡರು.

ಇದು ಮಂಡ್ಯದವರ ಗೊಣಗಾಟ ಮಾತ್ರವಲ್ಲ. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು 2022ರಲ್ಲಿ ಸಂಸತ್ತಿನ ಮುಂದೆ ಬಂದ ವರದಿಯಲ್ಲಿ ದೇಶದ ಲೆಕ್ಕವನ್ನೇ ಕೊಟ್ಟಿದ್ದಾರೆ. 2008ರಿಂದ 2019ರವರೆಗೆ ಹಳಿ, ಸಿಗ್ನಲು, ನಿಲ್ದಾಣಗಳೆಂದು ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ ಖರ್ಚಾಯಿತು. ಆದರೆ ಹೊತ್ತಿಗೆ ಸರಿಯಾಗಿ ಮುಟ್ಟಿದ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ಪ್ರಮಾಣ 2012–13ರಲ್ಲಿ ನೂರಕ್ಕೆ 79 ಇದ್ದದ್ದು 2018–19ರಲ್ಲಿ 69ಕ್ಕೆ ಇಳಿಯಿತು. ದೊಡ್ಡ ಗಾಡಿಗಳ ಗತಿಯೇ ಇದಾದರೆ, ಅವಕ್ಕೆ ದಾರಿ ಬಿಟ್ಟು ನಿಲ್ಲುವ ಸಣ್ಣ ಗಾಡಿಯ ಪಾಡನ್ನು ಊಹಿಸಬಹುದು. ಮತ್ತೊಂದು ಚಮತ್ಕಾರವನ್ನೂ ಆ ವರದಿ ಎತ್ತಿ ತೋರಿಸಿದೆ: ಹೊತ್ತನ್ನು ಲೆಕ್ಕ ಹಿಡಿಯುವುದು ಕೊನೆಯ ನಿಲ್ದಾಣದಲ್ಲಿ. ನಡುವಿನ ಊರಿನಲ್ಲಿ ಮುಕ್ಕಾಲು ಗಂಟೆ ತಡವಾಗಿ ಇಳಿದವನ ಮುಕ್ಕಾಲು ಗಂಟೆ, ಕೊನೆಯಲ್ಲಿ ಗಾಡಿ ಹೇಗೋ ಸುಧಾರಿಸಿಕೊಂಡು ಮುಟ್ಟಿಬಿಟ್ಟರೆ, ಯಾವ ದಫ್ತರದಲ್ಲಿಯೂ ಕಾಣುವುದಿಲ್ಲ. ಮಂಡ್ಯವೋ, ಬೆಂಗಳೂರು ಮೈಸೂರುಗಳ ನಡುವಿನ ಊರು.

ಸಣ್ಣ ಗಾಡಿಯವರಿಗೆ ಬೇರೆ ಪೆಟ್ಟುಗಳೂ ಬಿದ್ದವು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದ ನಿಂತ ಲೋಕಲುಗಳು ಮರಳಿ ಬಂದಾಗ ‘ವಿಶೇಷ’ ಗಾಡಿಗಳೆಂಬ ಹೊಸ ಬಿರುದು ಧರಿಸಿದ್ದವು. ಪೆಟ್ಟಿಗೆ ಅವೇ, ನಿಲ್ದಾಣಗಳು ಅವೇ. ಹತ್ತು ರೂಪಾಯಿಯಿದ್ದ ಕನಿಷ್ಠ ದರ ಮಾತ್ರ ಮೂವತ್ತಾಗಿತ್ತು. ಅದು ಮೊದಲಿನ ಮಟ್ಟಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ.

ಗುಮಾಸ್ತರು ಯಾರನ್ನೂ ಬೈಯುವ ಸ್ವಭಾವದವರಲ್ಲ. ಹಸಿರು ಬಾವುಟ ಹಿಡಿದು ನಿಂತ ಸ್ಟೇಷನ್ ಮಾಸ್ತರರೂ ಮೇಲಿನ ಅಪ್ಪಣೆಗೆ ಕಾಯುವವರೇ ಎಂಬುದು ಅವರಿಗೆ ಗೊತ್ತು. ವೇಗದ ಗಾಡಿಯಲ್ಲಿ ಕುಳಿತವರಿಗೂ ಮನೆಮಠವುಂಟು, ಅವಸರವುಂಟು. ಕಛೇರಿಯಲ್ಲಿ ಬೆರಳೊತ್ತುವ ಯಂತ್ರವೊಂದು ಬಂದಿದೆ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಗಾಡಿಯ ಕಥೆ ಹೇಳಿದರೆ ಕೇಳುವುದಿಲ್ಲ. ತಿಂಗಳಿಗೆ ಮೂರು ನಾಲ್ಕು ಅರ್ಧ ದಿನದ ರಜೆ ಹಾಗೆಯೇ ಕರಗುತ್ತದೆ. ಅದನ್ನೂ ಅವರು ನುಂಗಿಕೊಂಡಿದ್ದರು. ನುಂಗಲಾಗದೆ ಹೋದದ್ದು ಕಳೆದ ಚಳಿಗಾಲದ ಒಂದು ಸಂಜೆ.

ಅಂದು ಮಗಳ ಶಾಲೆಯ ವಾರ್ಷಿಕೋತ್ಸವ. ಹುಡುಗಿಗೆ ಈಗ ಹನ್ನೆರಡು ವರ್ಷ. ಕನ್ನಡ ಭಾಷಣದಲ್ಲಿ ಅವಳಿಗೆ ಮೊದಲ ಬಹುಮಾನ ಬಂದಿತ್ತು. ಬಹುಮಾನ ಕೊಡುವ ಮುನ್ನ ಆ ಭಾಷಣವನ್ನು ಸಭೆಯ ಮುಂದೆ ಮತ್ತೊಮ್ಮೆ ಮಾಡಬೇಕಾಗಿತ್ತು. ಹೊತ್ತು ಸಂಜೆ ಆರೂವರೆ. ಗುಮಾಸ್ತರು ಅರ್ಧ ದಿನದ ರಜೆ ಬರೆದುಕೊಟ್ಟು ಮಧ್ಯಾಹ್ನದ ಗಾಡಿ ಹಿಡಿದರು. ವೇಳಾಪಟ್ಟಿಯಂತೆ ಐದೂಕಾಲಕ್ಕೆ ಮಂಡ್ಯ. ಕೈಯಲ್ಲಿ ಒಂದು ಗಂಟೆಗೂ ಹೆಚ್ಚು ಉಳಿತಾಯ. ಮುಖ ತೊಳೆದು, ಅಂಗಿ ಬದಲಿಸಿ, ಹೆಂಡತಿಯೊಡನೆ ನಡೆದೇ ಹೋಗಬಹುದು.

ಗಾಡಿ ಹೊರಟದ್ದೇ ಇಪ್ಪತ್ತು ನಿಮಿಷ ತಡ. ಕೆಂಗೇರಿಯ ಹೊರಗೆ ಹತ್ತು ನಿಮಿಷ ನಿಂತಿತು. ರಾಮನಗರದಲ್ಲಿ ಇನ್ನೊಂದಷ್ಟು. ಚನ್ನಪಟ್ಟಣ ದಾಟಿದ ಮೇಲೆ ಸಣ್ಣದೊಂದು ನಿಲ್ದಾಣದಲ್ಲಿ ಪಕ್ಕದ ಹಳಿಗೆ ಸರಿದು, ಎತ್ತು ಮಲಗಿದ ಹಾಗೆ ಮಲಗಿಬಿಟ್ಟಿತು. ಮೊದಲು ಒಂದು ವೇಗದ ಗಾಡಿ ಹೋಯಿತು. ಹಸಿರು ದೀಪ ಬರಲಿಲ್ಲ. ಕಾಲು ಗಂಟೆಯ ಮೇಲೆ ಇನ್ನೊಂದು ಹೋಯಿತು. ಅದರ ಕನ್ನಡಿಯ ಕಿಟಕಿಗಳಲ್ಲಿ ದೀಪ ಹತ್ತಿದ್ದವು. ಆಗಲೂ ಬರಲಿಲ್ಲ. ಕೈಯಲ್ಲಿದ್ದ ಫೋನು ಮಾತ್ರ ಗಾಡಿ ಐದೇ ನಿಮಿಷ ತಡವೆಂದು ಭರವಸೆ ಕೊಡುತ್ತಲೇ ಇತ್ತು. ಹೊರಗೆ ತೆಂಗಿನ ಮರಗಳ ನೆರಳು ಉದ್ದವಾಗಿ, ಮಸುಕಾಗಿ, ಕಡೆಗೆ ಕತ್ತಲೆಯೊಡನೆ ಬೆರೆಯಿತು.

ಮಂಡ್ಯದಲ್ಲಿ ಇಳಿದಾಗ ಏಳಕ್ಕೆ ಐದು ನಿಮಿಷ. ಆಟೋ ಹಿಡಿದು ಶಾಲೆ ಮುಟ್ಟಿದರೆ ಕೊನೆಯ ಬಹುಮಾನಗಳನ್ನು ಹಂಚುತ್ತಿದ್ದರು. ಮುಂದಿನ ಸಾಲಿನಲ್ಲಿ ಬಹುಮಾನ ಪಡೆದ ಮಕ್ಕಳ ತಂದೆತಾಯಿಯರಿಗೆಂದು ಜೋಡಿ ಜೋಡಿಯಾಗಿ ಕುರ್ಚಿಗಳನ್ನು ಹಾಕಿದ್ದರು. ಹೆಂಡತಿ ಅಲ್ಲಿ ಕುಳಿತಿದ್ದರು. ಆಕೆಯ ಪಕ್ಕದಲ್ಲಿ ಖಾಲಿ ಕುರ್ಚಿ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಉಪಾಧ್ಯಾಯಿನಿ ಇವರನ್ನು ಗುರುತಿಸಿ ತಡಬಡಿಸಿದರು. “ಬನ್ನಿ ಸಾರ್, ಒಂದು ಕುರ್ಚಿ ತರಿಸ್ತೀನಿ. ತಪ್ಪು ತಿಳೀಬೇಡಿ. ಬೆಳಿಗ್ಗೆ ನಿಮ್ಮ ಮಗಳೇ ಬಂದು, ‘ನಮ್ಮನೆಗೆ ಒಂದೇ ಕುರ್ಚಿ ಸಾಕು ಮಿಸ್, ನಮ್ಮಪ್ಪ ರೈಲಲ್ಲಿ ಬರ್ತಾರೆ’ ಅಂದಳು.”

ಗುಮಾಸ್ತರು ಕುರ್ಚಿ ಬೇಡವೆಂದು ಹಿಂದುಗಡೆ ಗೋಡೆಗೆ ಒರಗಿ ನಿಂತರು. ಮಗಳು ಬಹುಮಾನದ ಪುಸ್ತಕವನ್ನು ಎದೆಗವಚಿಕೊಂಡು ಓಡಿ ಬಂದಳು. ಅವಳ ಮುಖದಲ್ಲಿ ಮುನಿಸಿರಲಿಲ್ಲ, ಅಳುವಿರಲಿಲ್ಲ. “ಇವತ್ತು ಎಲ್ಲಿ ನಿಲ್ಲಿಸಿದ್ರಪ್ಪಾ?” ಎಂದು, ಮಳೆ ಬಂತೇ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು. ಜಗಳವಾಡಿದ್ದರೆ ತಂದೆಗೆ ಸಮಾಧಾನವಾಗುತ್ತಿತ್ತೇನೋ. ಜಗಳವಾಡುವುದಕ್ಕೆ ನಂಬಿಕೆ ಮುರಿಯಬೇಕು. ಇಲ್ಲಿ ಮುರಿಯಲು ಏನೂ ಉಳಿದಿರಲಿಲ್ಲ. ಬರುತ್ತೇನೆಂದು ಅಪ್ಪ ಹೇಳಿದ ಮಾತನ್ನು ಹುಡುಗಿ ಯಾವತ್ತೋ ಪಕ್ಕದ ಹಳಿಗೆ ಸರಿಸಿಬಿಟ್ಟಿದ್ದಳು.

ಆ ರಾತ್ರಿ ಊಟದ ಮುಂದೆ ಅವರು ಹೆಚ್ಚು ಮಾತನಾಡಲಿಲ್ಲ. ತಾಯಿಯೇ ಹಳೆಯದನ್ನು ನೆನೆದರು. ಆಕೆ ಮದುವೆಯಾಗಿ ಬಂದ ಹೊಸತರಲ್ಲಿ ಆ ಮನೆಯಲ್ಲಿ ಗೋಡೆಗಡಿಯಾರವಿರಲಿಲ್ಲವಂತೆ. ಸಂಜೆಯ ಗಾಡಿಯ ಸಿಳ್ಳು ಕೇಳಿದರೆ ಅಕ್ಕಿ ತೊಳೆದು ಒಲೆಯ ಮೇಲಿಡುವುದು; ಅನ್ನ ಇಳಿಸುವ ಹೊತ್ತಿಗೆ ಗಂಡ ಬಾಗಿಲಲ್ಲಿ. “ಆಗಿನ ಗಾಡಿ ನಿಧಾನ ಕಣಪ್ಪ, ಆದ್ರೆ ಅನ್ನ ಆರ್ತಿರಲಿಲ್ಲ” ಎಂದರು. ಹಳೆಯ ಗಾಡಿಯೂ ತಡವಾಗುತ್ತಿದ್ದಿರಬೇಕು; ನೆನಪು ಅದನ್ನು ಸರಿಯಾದ ಹೊತ್ತಿಗೆ ತಂದು ನಿಲ್ಲಿಸಿರಬಹುದು. ಆದರೂ ಗುಮಾಸ್ತರಿಗೆ ತಮಗೆ ಬೇಕಾದದ್ದು ಏನೆಂಬುದು ಅಂದು ಸ್ಪಷ್ಟವಾಯಿತು. ಎರಡೂವರೆ ಗಂಟೆಯ ಪ್ರಯಾಣ ಎರಡು ಗಂಟೆಯಾಗಬೇಕೆಂದು ಅವರು ಎಂದೂ ಬೇಡಿರಲಿಲ್ಲ. ಮೂರು ಗಂಟೆಯೇ ಹಿಡಿಯಲಿ. ದಿನವೂ ಮೂರೇ ಆಗಲಿ. ಆಗ ಮಗಳಿಗೆ ಒಂದು ಮಾತು ಕೊಡಬಹುದು.

ಅದಾಗಬೇಕಾದರೆ ಲೋಕಲಿಗೆ ಅದರದೇ ಹಳಿ ಬೇಕು ಎಂದು ಮೇಷ್ಟರು ಹೇಳುತ್ತಾರೆ. ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಸಲಹೆ ಮೊದಲು ಬಂದದ್ದು 1983ರಲ್ಲಿ. ಕೇಂದ್ರದ ಒಪ್ಪಿಗೆ ದೊರೆತದ್ದು 2020ರಲ್ಲಿ. ಅಡಿಗಲ್ಲು ಬಿದ್ದದ್ದು 2022ರ ಜೂನಿನಲ್ಲಿ. ಅದರ ನಾಲ್ಕು ಮಾರ್ಗಗಳಲ್ಲಿ ಈ ಕಡೆಗೆ ಬರುವುದು ಕೆಂಗೇರಿಯ ತನಕ. ಕೆಂಗೇರಿಯಿಂದ ಮಂಡ್ಯದವರೆಗಿನ ಮಾತನ್ನು ಮೊಮ್ಮಕ್ಕಳಿಗೆ ಬಿಡೋಣ ಎಂದು ಮೇಷ್ಟರು ವಡೆಯ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ.

ವಾರ್ಷಿಕೋತ್ಸವದ ಮರುದಿನ ಬೆಳಿಗ್ಗೆ ಗುಮಾಸ್ತರು ಎಂದಿನಂತೆ ಬುತ್ತಿ ಹಿಡಿದು ನಿಲ್ದಾಣಕ್ಕೆ ಹೋದರು. ಆ ದಿನ ಒಂದು ವಿಚಿತ್ರ ನಡೆಯಿತು. ಗಾಡಿ ನಿಮಿಷಕ್ಕೆ ಸರಿಯಾಗಿ ಬಂತು, ನಿಮಿಷಕ್ಕೆ ಸರಿಯಾಗಿ ಹೊರಟಿತು. ಅದು ಹಾಗೆ ಬರಬಹುದೆಂದು ಯಾರೂ ಎಣಿಸಿರಲಿಲ್ಲ. ಹೊರಗಿನ ಅಂಗಡಿಯಲ್ಲಿ ಚಹ ಕುಡಿಯುತ್ತಿದ್ದವರು ಲೋಟ ಬಿಟ್ಟು ಓಡಿಬಂದರು. ಹೂವಿನವಳ ಬುಟ್ಟಿ ಹತ್ತಿತು, ಅವಳು ಹತ್ತಲಾಗಲಿಲ್ಲ. ಹತ್ತಾರು ಮಂದಿ ಪ್ಲಾಟ್‌ಫಾರಮಿನ ಮೇಲೆ ಬಾಯಿ ಬಿಟ್ಟುಕೊಂಡು ನಿಂತರು.

ಬಾಗಿಲ ಕಂಬಿ ಹಿಡಿದು ನಿಂತ ಗುಮಾಸ್ತರು ಆ ಬುಟ್ಟಿಯನ್ನು ಒಳಕ್ಕೆಳೆದು, ಮುಂದಿನ ನಿಲ್ದಾಣದಲ್ಲಿ ಇಳಿಸಿಡುವುದಾಗಿ ಅವಳಿಗೆ ಕೈಸನ್ನೆ ಮಾಡಿದರು. ಮುಂದಿನ ಗಾಡಿಯಲ್ಲಿ ಬಂದು ತೆಗೆದುಕೊಳ್ಳುತ್ತೇನೆ ಎಂದು ಅವಳೂ ಕೈ ಮಾಡಿದಳು. ಮುಂದಿನ ಗಾಡಿ ಎಷ್ಟು ಹೊತ್ತಿಗೆ ಎಂದು ಇಬ್ಬರೂ ಹೇಳಲಿಲ್ಲ.