ಪಟ್ಟಿಯೂ ಹೌದು, ಕಿಟಕಿಯೂ ಹೌದು

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ನೀವೂ ಮಕ್ಕಳೊಂದಿಗೆ ಹೋಗಿರಬಹುದು. ನಾವು ಹೊರಟ ದಿನ ಮಗಳ ಮುಖ ಊದಿಕೊಂಡಿತ್ತು. ಇಂಗ್ಲಿಷ್ ಪರೀಕ್ಷೆಯಲ್ಲಿ 'ಸ್ಯಾಶ್' ಎಂದರೇನು ಎಂಬ ಪ್ರಶ್ನೆಗೆ ಅವಳು 'ಕಿಟಕಿಯ ಗಾಜು ಕೂರಿಸುವ ಚೌಕಟ್ಟು' ಎಂದು ಬರೆದಿದ್ದಳು. ಪಾಠದಲ್ಲಿದ್ದದ್ದು 'ಸೊಂಟಕ್ಕೆ ಕಟ್ಟುವ ಪಟ್ಟಿ'. ಒಂದು ಅಂಕ ಹೋದದ್ದಕ್ಕಿಂತ, ತರಗತಿಯವರು ನಕ್ಕದ್ದು ಅವಳನ್ನು ನೋಯಿಸಿತ್ತು. ರಾತ್ರಿ ನಿಘಂಟು ತೆರೆದು ನೋಡಿದೆ. ಅವಳು ಬರೆದದ್ದೂ ಸರಿಯೇ!

1784ರಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ದರಿಯಾ ದೌಲತ್ ತೋಟದ ನಡುವೆ ತಣ್ಣಗೆ ನಿಂತಿದೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ. ಸುತ್ತ ಕೆಂಪು ಕೋಟಿನ ಸೈನಿಕರು, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತ ಕುಳಿತ ಕರ್ನಲ್ ಬೇಯ್ಲಿ. ಮಗಳನ್ನು ಅಲ್ಲೇ ನಿಲ್ಲಿಸಿ ಹೇಳಿದೆ: ಆ ಕಾಲದ ಇಂಗ್ಲಿಷ್ ಸೇನಾಧಿಕಾರಿಗಳು ಸೊಂಟಕ್ಕೆ ಕಡುಗೆಂಪು ರೇಷ್ಮೆಯ ಸ್ಯಾಶ್ ಸುತ್ತುತ್ತಿದ್ದರು. ಬಿಡಿಸಿದರೆ ಗಾಯಾಳುವನ್ನು ಹೊರುವಷ್ಟು ಅಗಲ, ಅಷ್ಟೇ ಗಟ್ಟಿ. 1755ರಲ್ಲಿ ಅಮೆರಿಕದಲ್ಲಿ ಗಾಯಗೊಂಡ ಜನರಲ್ ಬ್ರಾಡಕ್‌ರನ್ನು ಅವರದೇ ಸ್ಯಾಶ್‌ನಲ್ಲಿ ಹೊತ್ತೊಯ್ದರಂತೆ.

ಆದರೆ ಪದ ಅವರದಲ್ಲ. ಅರಬಿ ಭಾಷೆಯಲ್ಲಿ 'ಶಾಶ್' ಎಂದರೆ ತೆಳುವಾದ ಮಸ್ಲಿನ್. ಪೇಟ ಸುತ್ತುವ ಬಟ್ಟೆ. ತಲೆಯ ಮೇಲಿದ್ದದ್ದು ಇಂಗ್ಲಿಷರ ಬಾಯಲ್ಲಿ ಸೊಂಟಕ್ಕಿಳಿಯಿತು! ನಮ್ಮ ಹಿರಿಯರ 'ಕಮರ್‌ಬಂದ್' ಕೂಡ ಇಂಗ್ಲಿಷ್ ನಿಘಂಟು ಸೇರಿದೆ. ಅದು ಫಾರ್ಸಿ ಪದ, 'ಕಮರ್' ಎಂದರೆ ಸೊಂಟ. ಜಿಲ್ಲಾಧಿಕಾರಿ ಕಚೇರಿಯ ದಫೇದಾರರ ಎದೆಯ ಮೇಲಿನ ಅಡ್ಡಪಟ್ಟಿಯೂ ಸ್ಯಾಶೇ. ಸೌಂದರ್ಯ ಸ್ಪರ್ಧೆಯವರ ಪಟ್ಟಿಯೂ ಅದೇ. ಆ ಸ್ಪರ್ಧೆಗಳು ನನಗಂತೂ ರುಚಿಸುವುದಿಲ್ಲ, ಬಿಡಿ.

"ಹಾಗಾದರೆ ನನ್ನ ಕಿಟಕಿ?" ಎಂದಳು ಮಗಳು. ಅದರ ಮೂಲವೇ ಬೇರೆ. ಚೌಕಟ್ಟಿಗೆ ಫ್ರೆಂಚರು 'ಶಾಸೀ' ಎನ್ನುತ್ತಾರೆ. ಇಂಗ್ಲಿಷರು ಅದನ್ನು ಬಹುವಚನವೆಂದು ತಪ್ಪು ತಿಳಿದು, ಬಾಲ ಕತ್ತರಿಸಿ, 'ಸ್ಯಾಶ್' ಮಾಡಿಕೊಂಡರು. ಗ್ಯಾರೇಜಿನಲ್ಲಿ ದುಡಿಯುವ ನನ್ನ ಯಜಮಾನರು ಕಿವಿ ನಿಮಿರಿಸಿದರು. "ಅಂದರೆ ನಮ್ಮ ಲಾರಿಯ ಚಾಸಿ?" ಹೌದು, ಅದೇ ಪದ!

ಮರಳುವಾಗ ಅಪ್ಪ ಮಗಳು ಬಸ್ಸಿನ ಕಿಟಕಿ ತಟ್ಟಿ, ನೆಲ ತಟ್ಟಿ, ಒಂದೇ ನಗು.

ಸೋಮವಾರ ಅವಳು ನಿಘಂಟನ್ನು ಶಾಲೆಗೆ ಒಯ್ದಳು. ಟೀಚರ್ ಅಂಕ ತಿದ್ದಲಿಲ್ಲ. ಆದರೆ ಅರಬಿಯ ಪೇಟದ ಕಥೆಯನ್ನು ಎಲ್ಲರ ಮುಂದೆ ನಿಂತು ಹೇಳು ಎಂದರಂತೆ.