ಜಲಪಾತಕ್ಕೊಂದು ಮುಹೂರ್ತ

ಮದುವೆಗೆ ಮುಹೂರ್ತವಿಡಬಹುದು, ಗೃಹಪ್ರವೇಶಕ್ಕೂ ಇಡಬಹುದು. ನಾವು ಜಲಪಾತಕ್ಕೆ ಮುಹೂರ್ತವಿಡಲು ಹೊರಟಿರುವುದನ್ನು ಕೇಳಿ ಊರಿನ ಹಿರಿಯರೊಬ್ಬರು ಎಲೆಅಡಿಕೆ ಬಾಯಿಂದ ಜಾರುವಷ್ಟು ನಕ್ಕರು. ನಕ್ಕದ್ದು ಅವರ ತಪ್ಪಲ್ಲ. ನಾವು ರಾಯದುರ್ಗ ಮಡಕಶಿರಾ ಸೀಮೆಯವರು. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಕಂಡರೆ ಅದೇ ಭಾಗ್ಯವೆನ್ನುವ ನೆಲ ನಮ್ಮದು. ನೀರು ಬೀಳುವುದೆಂದರೆ ನಮ್ಮ ಕಲ್ಪನೆಯಲ್ಲಿ ಕೆರೆಯ ತೂಬಿನಿಂದ ಬೀಳುವುದು, ಇಲ್ಲವೆ ಬೀದಿಯ ಕೊಳಾಯಿಯಿಂದ ಬೀಳುವುದು. ಎರಡನೆಯದೂ ದಿನ ಬಿಟ್ಟು ದಿನ.

ಹೊರಗಿನ ವಾಚಕರಿಗೆ ನಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ರಾಯದುರ್ಗವು ಬಳ್ಳಾರಿ ಜಿಲ್ಲೆಯಲ್ಲಿದ್ದು 1953ರಲ್ಲಿ ಆಂಧ್ರಕ್ಕೆ ಸೇರಿತು. ಮಡಕಶಿರಾ ಮೊದಲಿನಿಂದ ಅನಂತಪುರದ್ದು; 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿದೆ. ಕಾಗದಪತ್ರಗಳು ಏನೇ ಹೇಳಲಿ, ನಮ್ಮ ಗೋಷ್ಠಿಯಲ್ಲಿ ಎರಡೂ ಒಂದೇ ಮನೆ. ಭೇದವಿರುವುದು ಅಲ್ಪಸ್ವಲ್ಪ: ಅದೇ ಕಾಯನ್ನು ರಾಯದುರ್ಗದವರು ಶೇಂಗಾ ಎನ್ನುತ್ತಾರೆ, ಮಡಕಶಿರಾದವರು ಕಡಲೆಕಾಯಿ ಎನ್ನುತ್ತಾರೆ. ಈ ಕಾಯಿಯೇ ನಮ್ಮ ಪ್ರವಾಸದ ಪಂಚಾಂಗವೆಂಬುದು ಮುಂದೆ ತಿಳಿಯುತ್ತದೆ.

ಹೊರಡುವವರು ನಾಲ್ವರು. ನಿವೃತ್ತರಾದ ಕನ್ನಡ ಶಾಲೆಯ ಮೇಷ್ಟ್ರು, ರಾಯದುರ್ಗದಲ್ಲಿ ಜೀನ್ಸು ಹೊಲಿಸುವ ಮಿತ್ರರು, ಮಡಕಶಿರಾದ ರೈತಮಿತ್ರರು, ಮತ್ತು ಲೆಕ್ಕ ಬರೆದಿಡಲೆಂದು ಸೇರಿಕೊಂಡ ಈ ಲೇಖನದ ಕೈ. ಛಾಯಾಚಿತ್ರದ ಹುಚ್ಚು ಮೇಷ್ಟ್ರದು. ನಲವತ್ತು ವರ್ಷ ಅವರು ಈ ಸೀಮೆಯ ಬತ್ತಿದ ಕೆರೆಗಳನ್ನು, ಬಿರುಕುಬಿಟ್ಟ ಅಂಗಳಗಳನ್ನು, ಹಗರಿಯ ಮರಳನ್ನು ಚಿತ್ರಿಸಿದ್ದಾರೆ. ಅವರ ಪೆಟ್ಟಿಗೆಯಲ್ಲಿ ನೀರಿನ ಚಿತ್ರಗಳು ಬೆರಳೆಣಿಕೆಯವು. ಅವುಗಳಲ್ಲಿ ಬಹುಪಾಲು 2022ರವು. ಆ ವರ್ಷ ಮೇಲೆ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಸಲ ಕೋಡಿ ಹರಿದಿತ್ತು. ವೇದಾವತಿ ನಮ್ಮ ಕಡೆಗೆ ಮೈದುಂಬಿ ಬಂದಿದ್ದಳು.

ಹೋದ ವರ್ಷವೂ ಹೊರಟಿದ್ದೆವು. ಆ ಕಥೆಯನ್ನು ಮರೆಮಾಚುವುದು ಸರಿಯಲ್ಲ. ಕಾರ್ತಿಕದ ಕೊನೆಯಲ್ಲಿ ಗೋಕಾಕಕ್ಕೆ ಹೋದೆವು. ಘಟಪ್ರಭೆ ಅಲ್ಲಿ 52 ಮೀಟರು ಎತ್ತರದ ಬಂಡೆಯಿಂದ ಕಂದರಕ್ಕೆ ಧುಮುಕುತ್ತಾಳೆಂದು ಎಲ್ಲರೂ ಓದಿದ್ದೆವು. ಧುಮುಕುವ ತಿಂಗಳು ಯಾವುದೆಂಬುದನ್ನು ಮಾತ್ರ ಯಾರೂ ಓದಿರಲಿಲ್ಲ. ಆ ನದಿಗೆ ನೀರು ಕೊಡುವುದು ಸಹ್ಯಾದ್ರಿಯ ಮುಂಗಾರು. ಮಳೆ ನಿಂತ ಮೇಲೆ ಇರುವ ನೀರನ್ನು ಮೇಲಿನ ಹಿಡಕಲ್ ಅಣೆಕಟ್ಟು ಹಿಡಿದಿಟ್ಟುಕೊಳ್ಳುತ್ತದೆ. ನಾವು ತೂಗುಸೇತುವೆಯ ಬಳಿ ನಿಂತು ನೋಡಿದ್ದು ವಿಶಾಲವಾದ ಒಣಬಂಡೆ, ಅದರ ಮೂಲೆಯಲ್ಲಿ ಒಂದು ಜನಿವಾರದೆಳೆಯಷ್ಟು ನೀರು. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಗೆ ಹೋಗುವ ಉತ್ಸಾಹವೂ ಅಲ್ಲಿಯೇ ಬತ್ತಿತು. ಮೇಷ್ಟ್ರು ಬೇಸರಪಡಲಿಲ್ಲ, ಮಳೆಗಾಲದ ನೀರು ಬಂಡೆಯ ಮೇಲೆ ಬಿಟ್ಟುಹೋದ ಕರಿಯ ಗುರುತನ್ನೇ ತೆಗೆದುಕೊಂಡರು. “ಇದೂ ನಮ್ಮೂರ ಚಿತ್ರವೇ ಆಯಿತು” ಎಂದರು.

ಹಾಗಿದ್ದರೆ ಶ್ರಾವಣದಲ್ಲೇ ಹೋಗಬಾರದೇಕೆ? ಹೋಗಲಾಗದು. ಶ್ರಾವಣದಲ್ಲಿ ಹೊಲದಲ್ಲಿ ಕಳೆ. ಭಾದ್ರಪದ ಆಶ್ವಯುಜಗಳಲ್ಲಿ ಕಾಯಿ ಬಲಿಯುವ ಕಾಲ, ಹಂದಿಯ ಕಾವಲು. ಗಿಡ ಕಿತ್ತು, ಒಣಗಿಸಿ, ಬಣವೆ ಒಟ್ಟುವವರೆಗೆ ರೈತಮಿತ್ರರು ಹೊಲ ಬಿಟ್ಟು ಬರುವಂತಿಲ್ಲ. ಜೀನ್ಸಿನ ಮಿತ್ರರಿಗೋ ದೀಪಾವಳಿಯವರೆಗೆ ಉಸಿರಾಡಲು ಬಿಡುವಿಲ್ಲ. ಶರದೃತುವಿನ ಕಟ್ಟಕಡೆಯೇ ನಮಗೆ ಉಳಿಯುವ ಕಾಲ.

ಈ ಸಲ ಮೇಷ್ಟ್ರು ಭೂಪಟ ಹಾಸಿಕೊಂಡು ಕುಳಿತರು. ನೀರಿಗೆ ನಾವು ಪಶ್ಚಿಮಕ್ಕೆ ಮುಖ ಮಾಡಿದ್ದೇ ತಪ್ಪೆಂದರು. ಕಾರ್ತಿಕದಲ್ಲಿ ಮಳೆ ಬರುವುದು ಪೂರ್ವದಿಂದ. ಹಿಂಗಾರಿನ ಮಾರುತ, ಬಂಗಾಳಕೊಲ್ಲಿಯ ವಾಯುಭಾರ ಕುಸಿತ, ಇವು ರಾಯಲಸೀಮೆಯ ಪೂರ್ವದ ಬೆಟ್ಟಗಳಿಗೆ ನೀರು ಹೊತ್ತು ತರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಸಹ್ಯಾದ್ರಿಯಲ್ಲಿ ಜಲಪಾತಗಳು ಇಳಿದು ಹೋಗುವಾಗ ಶೇಷಾಚಲದಲ್ಲಿ ಏರುತ್ತವೆ. ಇಷ್ಟು ಸರಳವಾದ ಮಾತು ನಮಗೆ ತಿಳಿಯಲು ಒಂದು ವರ್ಷ ಮತ್ತು ಗೋಕಾಕದ ಖರ್ಚು ಬೇಕಾಯಿತು.

ಹೀಗೆ ದಾರಿ ನಿಶ್ಚಯವಾಯಿತು. ಮೊದಲ ಎರಡು ರಾತ್ರಿ ಗಂಡಿಕೋಟೆ. ರಾಯದುರ್ಗದಿಂದ ಕಲ್ಯಾಣದುರ್ಗ, ಅನಂತಪುರ, ತಾಡಪತ್ರಿಯ ಮೇಲೆ ಜಮ್ಮಲಮಡುಗು. ಮಡಕಶಿರಾದವರು ಅನಂತಪುರದಲ್ಲಿ ಕೂಡಿಕೊಳ್ಳುವುದು. ಅಲ್ಲಿ ಪೆನ್ನೆ ಎರ್ರಮಲ ಬೆಟ್ಟವನ್ನು ಸೀಳಿಕೊಂಡು, ಕೆಂಪು ಬಂಡೆಗಳ ನಡುವೆ ಸುಮಾರು 300 ಅಡಿ ಆಳದಲ್ಲಿ ಹರಿಯುತ್ತಾಳೆ. ಗಂಡಿಯೆಂಬ ಮಾತನ್ನು ತೆಲುಗರೂ ನಾವೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಈ ಊರಿನ ಹೆಸರಿಗೆ ನಮಗೆ ನಿಘಂಟು ಬೇಡ. ರೈತಮಿತ್ರರಿಗೆ ಇನ್ನೊಂದು ಸಂತೋಷ: ಪೆನ್ನೆ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹಿಂದೂಪುರದ ಕಡೆ ಬರುವಾಗ ಜಯಮಂಗಲಿ ಅವಳನ್ನು ಸೇರುತ್ತದೆ, ತಮ್ಮ ಕಡೆಯ ಹಳ್ಳದ ನೀರೂ ಒಂದಿಷ್ಟು ಆ ಕಂದರದೊಳಗೆ ಹೋಗಿರಬೇಕೆಂದು ಅವರ ವಾದ. ರಾಯದುರ್ಗದವರಿಗೆ ಆ ಹಕ್ಕಿಲ್ಲ. ನಮ್ಮ ಹಗರಿ ತುಂಗಭದ್ರೆಯ ಪಾಲು.

ಗಂಡಿಕೋಟೆಯಲ್ಲಿ ಕಂದರವಿದೆ, ನಿತ್ಯ ಬೀಳುವ ಜಲಪಾತವಿಲ್ಲ. ಅದಕ್ಕಾಗಿ ಕಡಪ, ರಾಯಚೋಟಿ, ಪೀಲೇರುಗಳ ಮೇಲೆ ತಲಕೋನಕ್ಕೆ. ಕಾಡಿನ ಒಳಗೆ, ಬಂಡೆಗೋಡೆಯ ಮೇಲಿನಿಂದ 270 ಅಡಿ ಬೀಳುವ ನೀರು. ಆಂಧ್ರಪ್ರದೇಶದಲ್ಲಿ ಇದಕ್ಕಿಂತ ಎತ್ತರದ್ದಿಲ್ಲವೆನ್ನುತ್ತಾರೆ. ಕಾಡು ರಾಷ್ಟ್ರೀಯ ಉದ್ಯಾನವಾದುದರಿಂದ ಮನಬಂದಲ್ಲಿ ಡೇರೆ ಹೂಡುವಂತಿಲ್ಲ. ಅಪ್ಪಣೆ ಬೇಡಿ ಬರೆಯುವ ಕೆಲಸ ನಮ್ಮ ಮೇಲೆ ಬಿತ್ತು. ಅಲ್ಲೊಂದು ಸಿದ್ಧೇಶ್ವರನ ಗುಡಿಯಿದೆ. ನೊಳಂಬರ ಹೇಮಾವತಿಯ ಸಿದ್ಧೇಶ್ವರನಿಗೆ ನಡೆದುಕೊಳ್ಳುವ ರೈತಮಿತ್ರರು, “ಸ್ವಾಮಿ ಅಲ್ಲಿಯೂ ಇದ್ದಾನೆಂದ ಮೇಲೆ ನನ್ನದೇನೂ ತಕರಾರಿಲ್ಲ” ಎಂದರು.

ತಕರಾರು ಬಂದದ್ದು ಮಳೆಯ ವಿಷಯಕ್ಕೆ. ಮೇಷ್ಟ್ರು ಪ್ರತಿದಿನ ಹವಾಮಾನದ ವಾರ್ತೆ ಕೇಳಿ, “ಕೊಲ್ಲಿಯಲ್ಲಿ ಏನೋ ಎದ್ದಿದೆಯಂತೆ!” ಎಂದು ಹಿಗ್ಗುವರು. ಕಿತ್ತ ಗಿಡ ಹೊಲದಲ್ಲಿ ಒಣಗುತ್ತಿರುವಾಗ ಮೂರು ದಿನ ಜಡಿಮಳೆ ಹಿಡಿದರೆ ಕಾಯಿ ಮೊಳೆಯುತ್ತದೆ, ಹೊಟ್ಟು ಕಪ್ಪಾಗಿ ದನಕ್ಕೂ ಬರುವುದಿಲ್ಲ. ಒಂದು ಸಂಜೆ ರೈತಮಿತ್ರರು ಶಾಂತವಾಗಿಯೇ ಹೇಳಿದರು: “ಮೇಷ್ಟ್ರೇ, ತಾವು ಬೇಡುವ ಮಳೆ ತಲಕೋನದಲ್ಲಿ ಮಾತ್ರ ಬರುವುದಿಲ್ಲ. ನಮ್ಮ ಹೊಲದ ಮೇಲೂ ಬರುತ್ತದೆ.” ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಮಳೆಗಾಗಿ ಜನ ಕಪ್ಪೆಗೆ ಮದುವೆ ಮಾಡುವ ಸೀಮೆಯಲ್ಲಿ, ಮಳೆ ಬೇಡವೆನ್ನಬೇಕಾದ ಸ್ಥಿತಿ ಅವರದು. ಬೇಕೆನ್ನಲು ನಾಚಿಕೆಪಡಬೇಕಾದ ಸ್ಥಿತಿ ನಮ್ಮದು. ಮಳೆಯ ಮಾತು ಬಣವೆ ಎದ್ದ ಮೇಲೆಯೇ ಆಡತಕ್ಕದ್ದೆಂದು ಒಪ್ಪಂದವಾಯಿತು. ಮೇಷ್ಟ್ರು ಅಂದಿನಿಂದ ವಾರ್ತೆಯನ್ನು ಸದ್ದು ತಗ್ಗಿಸಿ ಕೇಳುತ್ತಾರೆ.

ಮನೆಯವರ ಅಂಜಿಕೆ ಬೇರೆ. 2021ರ ನವೆಂಬರ್ 19ರಂದು, ಇದೇ ಕಾರ್ತಿಕದ ಮಳೆಯಲ್ಲಿ, ಕಡಪ ಜಿಲ್ಲೆಯ ಚೆಯ್ಯೇರಿನ ಅನ್ನಮಯ್ಯ ಅಣೆಕಟ್ಟು ಒಡೆದು ಊರೂರೇ ಕೊಚ್ಚಿಹೋದದ್ದನ್ನು ಅವರು ಮರೆತಿಲ್ಲ, ಮರೆಯತಕ್ಕದ್ದೂ ಅಲ್ಲ. ಆದುದರಿಂದ ಕೆಲವು ಕಟ್ಟಳೆಗಳನ್ನು ಬರೆದು ಮನೆಮನೆಗೆ ಓದಿ ಹೇಳಿದೆವು. ಮರಳು ಎಷ್ಟೇ ಮೆತ್ತಗಿರಲಿ, ಹೊಳೆಯ ಪಾತ್ರದಲ್ಲಿ ಮಲಗುವುದಿಲ್ಲ. ತಿಳಿನೀರು ಒಮ್ಮೆಲೆ ಕೆಂಪಾದರೆ, ತರಗೆಲೆ ತೇಲಿಬಂದರೆ, ಎಲ್ಲವನ್ನೂ ಬಿಟ್ಟು ಮೇಲೇರುವುದು, ಕ್ಯಾಮೆರಾವನ್ನೂ ಬಿಡುವುದು. ಈ ಕೊನೆಯ ಕಟ್ಟಳೆಗೆ ಮೇಷ್ಟ್ರ ರುಜು ಪಡೆಯಲು ಅರ್ಧ ಗಂಟೆ ಹಿಡಿಯಿತು.

ಮೇಷ್ಟ್ರ ಕಣ್ಣಿನ ವಿಚಾರವನ್ನು ಕೊನೆಗೆ ಉಳಿಸಿಕೊಂಡೆವು. ಬರೆಯಲು ಮನಸ್ಸಿರಲಿಲ್ಲ, ಅವರೇ ಬರೆಯಿರೆಂದರು. ಅವರಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ನರ ಸೊರಗುವ ರೋಗ. ಬದಿಯ ನೋಟ ಮೊದಲು ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಹನಿ ಹಾಕಿಕೊಂಡು ಉಳಿದದ್ದನ್ನು ಕಾಯ್ದುಕೊಳ್ಳಬೇಕು. ಅವರು ಬಾಗಿಲ ಚೌಕಟ್ಟಿಗೆ ಭುಜ ತಾಕಿಸಿಕೊಳ್ಳುವುದನ್ನು ನಾವು ಕಂಡಿದ್ದೆವು, ಅವಸರವೆಂದುಕೊಂಡಿದ್ದೆವು. “ಕ್ಯಾಮೆರಾದ ಕಿಂಡಿಯಲ್ಲಿ ಯಾರಿಗೆ ತಾನೇ ಬದಿ ಕಾಣುತ್ತದೆ?” ಎಂದು ಅವರು ನಗುತ್ತಾರೆ. ಒದ್ದೆಬಂಡೆಯ ಮೇಲೆ ಎಡಕ್ಕೊಬ್ಬರು ಬಲಕ್ಕೊಬ್ಬರು ನಡೆಯಬೇಕೆಂದು ನಾವು ಗೊತ್ತುಮಾಡಿಕೊಂಡಿದ್ದೇವೆ. ಇದು ಕಟ್ಟಳೆಗಳ ಪಟ್ಟಿಯಲ್ಲಿಲ್ಲ.

ಉಳಿದ ಸಿದ್ಧತೆ ಸಾಗಿದೆ. ಬೀಳುವ ನೀರು ಹಾಲಿನಂತೆ ಕಾಣಬೇಕಾದರೆ ಶಟರನ್ನು ಅರ್ಧ ಸೆಕೆಂಡಾದರೂ ತೆರೆದಿಡಬೇಕಂತೆ. ಅಷ್ಟು ಹೊತ್ತು ಕೈ ನಡುಗದಿರಲು ಮುಕ್ಕಾಲಿ, ಬೆಳಕು ಹೆಚ್ಚಾಗದಿರಲು ಕಪ್ಪು ಗಾಜು, ಬಿಸಿಲು ಕಂದರಕ್ಕೆ ಇಳಿಯುವ ಮುನ್ನಿನ ಹೊತ್ತು. ಮುಕ್ಕಾಲಿಗೆ ಜೀನ್ಸಿನ ಬಟ್ಟೆಯಲ್ಲಿ ಚೀಲ ಹೊಲಿದಾಗಿದೆ, ಆರು ಜೇಬುಗಳೊಡನೆ. ಅಷ್ಟು ಏಕೆಂದು ಯಾರಿಗೂ ತಿಳಿಯದು. ಬುತ್ತಿಯಲ್ಲಿ ರೊಟ್ಟಿಯೋ ಮುದ್ದೆಯೋ ಎಂಬ ಜಗಳವನ್ನು ರಾಗಿ ಹುರಿಹಿಟ್ಟು ಬಗೆಹರಿಸಿತು. ಮೇಷ್ಟ್ರು 36 ಚಿತ್ರಗಳ ಒಂದೇ ಸುರುಳಿ ಕೊಂಡಿದ್ದಾರೆ. ಇನ್ನೊಂದು ಕೊಳ್ಳೋಣವೆಂದರೆ, ಸಾಕೆಂದರು.

ನಿನ್ನೆ ರಾತ್ರಿ ಮಡಕಶಿರಾದಿಂದ ರೈತಮಿತ್ರರ ಫೋನು ಬಂತು. ಬಣವೆ ಮುಕ್ಕಾಲು ಎದ್ದಿದೆ, ಇನ್ನೆರಡು ಗಾಡಿಯ ಗಿಡ ಉಳಿದಿದೆ, ನಾಳೆ ಸಂಜೆಗೆ ಮುಗಿಯಬಹುದು ಎಂದರು. ಸ್ವಲ್ಪ ತಡೆದು, “ಮೇಷ್ಟ್ರು ಹತ್ತಿರ ಇದ್ದಾರೆಯೇ? ಮೂಡಲಲ್ಲಿ ಮೋಡ ಕಾಣುತ್ತಿದೆಯೆಂದು ಹೇಳಿ” ಎಂದರು. ಮೇಷ್ಟ್ರು ಹತ್ತಿರವೇ ಇದ್ದರು. ಗಾಜು ಒರೆಸುತ್ತಿದ್ದವರು ಕೈ ನಿಲ್ಲಿಸಿ, “ಆ ಎರಡು ಗಾಡಿ ಒಳಗೆ ಬರಲಿ ಎನ್ನಿ, ಮೊದಲು” ಎಂದರು.