ಚೀಲದ ಲೆಕ್ಕ, ಆಣೆಯ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಓದಲು ಬರುವ ಗೆಳೆಯರಿಗೆ ವಿದ್ಯಾರ್ಥಿನಿಲಯದ ಅರ್ಜಿಯ ವಿಷಯ ತಿಳಿಯಲೆಂದು ನಾನು ಹೋದ ವರ್ಷ ಒಂದು ಜಾಲಪುಟವನ್ನು ರಚಿಸಿದೆನು. ಪುಟದ ಅಗಲ 960 ಪಿಕ್ಸೆಲ್. ಎಡಗಡೆಯ 600ರಲ್ಲಿ ವಿವರ, ಬಲಗಡೆಯ 360ರಲ್ಲಿ ಕೊನೆಯ ದಿನಾಂಕ. ಗಣಕಯಂತ್ರದ ಪರದೆಯ ಮೇಲೆ ಅದು ಲಗ್ನಪತ್ರಿಕೆಯಂತೆ ಶೋಭಿಸಿತು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆದರೆ ಜೇವರ್ಗಿ ಕಡೆಯ ಗೆಳೆಯನೊಬ್ಬನು ಅದನ್ನು ನೋಡಿದ್ದು ಮೊಬೈಲಿನಲ್ಲಿ. ಅದರ ಪರದೆಯ ಅಗಲವೇ 360. ದಿನಾಂಕದ ಅಂಕಣ ಪರದೆಯಾಚೆ ಉಳಿಯಿತು. ಪುಟವನ್ನು ಬದಿಗೆ ಸರಿಸಿ ನೋಡಬೇಕೆಂದು ಅವನಿಗೆ ತೋಚಲಿಲ್ಲ. ಅರ್ಜಿಯ ಅವಧಿ ಮುಗಿದು, ವರ್ಷವೆಲ್ಲ ಅವನು ಬಸ್ಸಿನಲ್ಲಿ ಓಡಾಡಬೇಕಾಯಿತು. ನನ್ನನ್ನು ಅವನು ಒಂದು ಮಾತೂ ಅನ್ನಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಸಂಕ್ರಮಣದ ಹೊತ್ತಿಗೆ ಅಫಜಲಪುರದ ಕಾಕಾನ ಮನೆಗೆ ಹೋಗಿದ್ದೆ. ಹೊಲವನ್ನು ಪಾಲಿಗೆ ಕೊಟ್ಟಿದ್ದರು. ತೊಗರಿಯ ರಾಶಿ ನಡೆದಿತ್ತು. ಪಾಲುಗಾರನಿಗೆ ಎಷ್ಟು ಚೀಲವೆಂದು ಕೇಳಿದೆ. ಕಾಕಾ ನಕ್ಕರು: “ಚೀಲದ ಲೆಕ್ಕ ಹಿಡದ್ರ ಮಳಿ ಹೋದ ವರ್ಷ ಏನ್ ಮಾಡ್ತಿ, ತಮ್ಮಾ? ಆಣೆ ಲೆಕ್ಕ ಹಿಡಿ. ಹತ್ತಾಣೆ ಅವಂದು, ಆರಾಣೆ ನಮ್ದು.”

1957ರಲ್ಲಿ ನಯಾಪೈಸೆ ಬಂದರೂ ಪಾಲಿನ ಮಾತಿನಲ್ಲಿ ಆಣೆ ಉಳಿದಿದೆ. ನನಗೆ ಥಟ್ಟನೆ ಹೊಳೆಯಿತು: ನಾನು ಮಾಡಿದ್ದು ಚೀಲದ ಲೆಕ್ಕ!

ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ ಅವರು 2010ರ ಮೇ ತಿಂಗಳಲ್ಲಿ ‘ಎ ಲಿಸ್ಟ್ ಅಪಾರ್ಟ್’ ಎಂಬ ಜಾಲಪತ್ರಿಕೆಯಲ್ಲಿ ಬರೆದ ಲೇಖನವು ಆಣೆಯ ಲೆಕ್ಕವನ್ನೇ ಹೇಳುತ್ತದೆ. ಅಂಕಣದ ಅಗಲವನ್ನು ಅದಿರುವ ಚೌಕಟ್ಟಿನ ಅಗಲದಿಂದ ಭಾಗಿಸಬೇಕು. 600ನ್ನು 960ರಿಂದ ಭಾಗಿಸಿದರೆ ನೂರಕ್ಕೆ 62.5, ಎಂದರೆ ಸರಿಯಾಗಿ ಹತ್ತಾಣೆ. ಉಳಿದ 360 ಆರಾಣೆ. ಪರದೆ ಹಿಗ್ಗಲಿ, ಕುಗ್ಗಲಿ, ಪಾಲು ಕೆಡದು. ಚಿತ್ರಗಳೂ ತಮ್ಮ ಅಂಕಣವನ್ನು ಮೀರದಂತೆ ಕಟ್ಟು ಹಾಕಬೇಕು.

ಪಾಲೊಂದೇ ಸಾಲದು. 360ರ ಪರದೆಯಲ್ಲಿ ಆರಾಣೆಯೆಂದರೆ ಬರೀ 135 ಪಿಕ್ಸೆಲ್. ‘ವಿದ್ಯಾರ್ಥಿನಿಲಯದವರಿಗೆ’ ಎಂಬಂಥ ನಮ್ಮ ಉದ್ದನೆಯ ಶಬ್ದಗಳಿಗೆ ಅದು ಇಕ್ಕಟ್ಟು. ಆದುದರಿಂದ, ಪರದೆ ಇಷ್ಟಕ್ಕಿಂತ ಕಿರಿದಾದರೆ ಅಂಕಣಗಳು ಒಂದರ ಕೆಳಗೊಂದು ನಿಲ್ಲಲಿ ಎಂಬ ನಿಯಮವನ್ನೂ ಬರೆಯಬೇಕು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಮಾತ್ರ ಯಂತ್ರ ಹೇಳದು. ಓದುವವನ ಅಗತ್ಯವನ್ನು ತಿಳಿದು ನಾವೇ ನಿರ್ಧರಿಸಬೇಕು.

ನನ್ನ ಮೇಜಿನ ಮೇಲಿನ ಪರದೆಯನ್ನೇ ಲೋಕವೆಂದು ನಂಬಿದ್ದು ನನ್ನ ತಪ್ಪು. ಈ ವರ್ಷ ಪುಟವನ್ನು ಹೊಸದಾಗಿ ಬರೆದು, ಮೊದಲು ಆ ಗೆಳೆಯನ ಮೊಬೈಲಿನಲ್ಲೇ ತೆರೆದೆ. ಕೊನೆಯ ದಿನಾಂಕ ಎಲ್ಲಕ್ಕೂ ಮೇಲಿತ್ತು. ಅವನು ಅದನ್ನು ಗಟ್ಟಿಯಾಗಿ ಓದಿ, “ಈಗ ಕಾಣ್ತದ ನೋಡು” ಎಂದನು.